ಎಕ್ಸ್‌ಟರ್ನಲ್ ಡ್ರೈವಿನ ಬೇಲಿ ಸರಿಸುವುದು: ಫೈಲು ಕಳೆಯದೆ ಪಾರ್ಟಿಷನ್ ಕಿರಿದು, ಹಿರಿದು ಮಾಡುವ ಬಗೆ

ಹೊನ್ನಾವರ, ಕುಮಟಾ ಕಡೆ ಯಕ್ಷಗಾನ ಚಿತ್ರೀಕರಿಸುವವರ ಡ್ರೈವು ಹೆಚ್ಚಾಗಿ ಹೀಗೇ ಇರುತ್ತದೆ: 2 ಟಿಬಿಯದು, ಕೊಂಡ ದಿನ ಇದ್ದ ಹಾಗೇ ಒಂದೇ ಪಾರ್ಟಿಷನ್, ಅದರೊಳಗೆ ಆಟದ ವಿಡಿಯೋ, ಮದುವೆ, ಉಪನಯನದ ಫೋಟೋ, ಮನೆಯ ಕಾಗದಪತ್ರದ ಸ್ಕ್ಯಾನು ಎಲ್ಲ ಒಟ್ಟಿಗೆ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ವಿಡಿಯೋ ತೆಗೆದರೆ ತಾಸಿಗೆ 45 ಜಿಬಿ ಬೇಕು. ಮೂರು ತಾಸಿನ ಕಾಲಮಿತಿ ಆಟಕ್ಕೆ 135 ಜಿಬಿ, ಬೆಳಗಿನವರೆಗಿನ ಎಂಟು ತಾಸಿನ ಆಟಕ್ಕೆ 360 ಜಿಬಿ. ಎಡಿಟ್ ಮಾಡಿಕೊಡುವವರ ಬಳಿ ಮ್ಯಾಕ್ ಇದ್ದರೆ ತೊಡಕು ಶುರುವಾಗುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಬಗೆಯ ಪಾರ್ಟಿಷನ್ನನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಅದೇ ಡ್ರೈವಿನಲ್ಲಿ ವಿಂಡೋಸ್, ಮ್ಯಾಕ್ ಎರಡೂ ಓದಿ ಬರೆಯುವ ಎಕ್ಸ್‌ಫ್ಯಾಟ್ ಬಗೆಯ 400 ಜಿಬಿ ಪಾರ್ಟಿಷನ್ ಬೇರೆ ಮಾಡಿಕೊಳ್ಳಬೇಕು, ಇರುವ ಫೈಲು ಒಂದೂ ಹೋಗಬಾರದು.

ಇದು ಆಗುವ ಕೆಲಸ. ಬಹಳ ಸಲ ಹತ್ತು ನಿಮಿಷದ ಕೆಲಸ. ಆದರೆ ಯಾವ ತುದಿಯನ್ನು ಸರಿಸುತ್ತೇವೆ ಎನ್ನುವುದರ ಮೇಲೆ ಅದು ಹತ್ತು ನಿಮಿಷವೋ ಹತ್ತು ತಾಸೋ ಎಂದು ತೀರ್ಮಾನವಾಗುತ್ತದೆ. ಅಪಾಯವೂ ಅಲ್ಲಿಯೇ ಇದೆ.

ತಲೆಯ ಕಡೆ ಮುಟ್ಟಬೇಡಿ, ಬಾಲದ ಕಡೆ ಸರಿಸಿ

ಡಿಸ್ಕನ್ನು ಸೆಕ್ಟರ್ ಎಂಬ ಚಿಕ್ಕ ಚಿಕ್ಕ ತುಂಡುಗಳಾಗಿ ಎಣಿಸಿರುತ್ತಾರೆ. ಪಾರ್ಟಿಷನ್ ಎಂದರೆ ಡಿಸ್ಕಿನ ಇಂಥ ಸೆಕ್ಟರಿನಿಂದ ಇಂಥ ಸೆಕ್ಟರಿನವರೆಗೆ ಎಂಬ ಗಡಿ. ಆ ಗಡಿಯನ್ನು ಡಿಸ್ಕಿನ ಆರಂಭದಲ್ಲಿ ಒಂದು ಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಅದು ನಮ್ಮ ಪಹಣಿ ಇದ್ದ ಹಾಗೆ. ಗಡಿಯೊಳಗೆ ಯಾವ ಫೈಲು ಎಲ್ಲಿದೆ ಎಂದು ಲೆಕ್ಕ ಇಡುವುದು ಫೈಲ್ ಸಿಸ್ಟಮ್: ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಇಎಕ್ಸ್‌ಟಿ4 ಇತ್ಯಾದಿ. ಆ ಲೆಕ್ಕವೆಲ್ಲ ಪಾರ್ಟಿಷನ್ನಿನ ಆರಂಭದಿಂದ ಎಣಿಸಿದ ಲೆಕ್ಕ.

ಅಡಿಕೆ ತೋಟದ ಕೊನೆಯಲ್ಲಿ ಖಾಲಿ ಜಾಗವಿದ್ದರೆ ಆ ಕಡೆಯ ಬೇಲಿಯನ್ನು ಒಳಗೆ ತರುವುದು ಸುಲಭ, ಒಂದು ಮರವನ್ನೂ ಮುಟ್ಟಬೇಕಾಗಿಲ್ಲ. ಅಲ್ಲೊಂದು ಇಲ್ಲೊಂದು ಮರ ಅಡ್ಡ ಬಂದರೆ ಅದನ್ನಷ್ಟೇ ಕಿತ್ತು ಈಚೆ ನೆಟ್ಟರಾಯಿತು. ತೋಟದ ಮೊದಲ ಸಾಲನ್ನೇ ಹತ್ತು ಮಾರು ಆಚೆ ಸರಿಸಬೇಕೆಂದರೆ ಪ್ರತಿ ಮರವನ್ನೂ ಕಿತ್ತು ನೆಡಬೇಕು. ಡಿಸ್ಕಿನಲ್ಲೂ ಇದೇ ನಡೆಯುತ್ತದೆ. ಬಲತುದಿ ಸರಿಸಿದರೆ ಆ ತುದಿಯಲ್ಲಿ ಬಿದ್ದಿರುವ ಕೆಲವು ಫೈಲು ಮಾತ್ರ ಜಾಗ ಬದಲಿಸುತ್ತವೆ. ಎಡತುದಿ ಸರಿಸಿದರೆ ಒಳಗಿನ ಇಡೀ ಮಾಲು ಅಷ್ಟಷ್ಟೇ ದೂರ ಸರಿಯಬೇಕು.

ಲೆಕ್ಕ ಹಾಕಿ ನೋಡಿ. ಒಂದೇ ಡಿಸ್ಕಿನಲ್ಲಿ ಓದುತ್ತ ಬರೆಯುತ್ತ ಹೋಗುವಾಗ ಸೆಕೆಂಡಿಗೆ 40 ಎಂಬಿ ಸಿಕ್ಕಿದರೆ 1 ಟಿಬಿ ಸರಿಸಲು ಸುಮಾರು ಏಳು ತಾಸು. ಅದರ ನಡುವೆ ಕೇಬಲ್ ಅಲುಗಿದರೆ ಅರ್ಧ ಮಾಲು ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿಯುತ್ತದೆ. ಬೇರೊಂದು ಡ್ರೈವಿಗೆ ಸೆಕೆಂಡಿಗೆ 100 ಎಂಬಿಯಂತೆ ನಕಲು ಮಾಡಲು ಎರಡೂ ಮುಕ್ಕಾಲು ತಾಸು, ವಾಪಸ್ ತರಲು ಮತ್ತೆ ಅಷ್ಟೇ. ಒಟ್ಟು ಐದೂವರೆ ತಾಸು ಆಯಿತು. ನಕಲು ಮಾಡುವಾಗ ಕರೆಂಟು ಹೋದರೂ ಮೂಲ ಪ್ರತಿ ಇದ್ದ ಹಾಗೇ ಇರುತ್ತದೆ. ಆದ್ದರಿಂದ ಎಡತುದಿ ಸರಿಸಲೇಬೇಕಾದ ಪ್ರಸಂಗ ಬಂದರೆ ಸರಿಸಬೇಡಿ. ನಕಲು ಮಾಡಿ, ಪಾರ್ಟಿಷನ್ ಅಳಿಸಿ, ಹೊಸದು ಮಾಡಿ, ವಾಪಸ್ ತನ್ನಿ.

ಮೊದಲು ನಕಲು

ಫೈಲು ಕಳೆಯದ ವಿಧಾನ ಇದಾದರೂ ನಕಲು ಇಲ್ಲದೆ ಕೈ ಹಾಕಬಾರದು. ಸಾಫ್ಟ್‌ವೇರು ಸರಿಯಿದ್ದರೂ ಡಿಸ್ಕು, ಕೇಬಲ್, ಕರೆಂಟು ಸರಿಯಿರುತ್ತವೆ ಎಂದು ಯಾರೂ ಮಾತು ಕೊಡಲಾರರು. ನಕಲು ಅದೇ ಡ್ರೈವಿನ ಇನ್ನೊಂದು ಫೋಲ್ಡರಿನಲ್ಲಿದ್ದರೆ ಅದು ನಕಲೇ ಅಲ್ಲ. ಬೇರೆ ಡ್ರೈವೇ ಬೇಕು. ಎಲ್ಲದಕ್ಕೂ ಜಾಗ ಸಾಲದಿದ್ದರೆ ಮತ್ತೆ ಎಲ್ಲೂ ಸಿಗದ್ದನ್ನು ಮೊದಲು ಎತ್ತಿಡಿ: ಫೋಟೋ, ಮೂಲ ವಿಡಿಯೋ, ಜಮೀನಿನ ದಾಖಲೆ. ಮತ್ತೆ ಇಳಿಸಿಕೊಳ್ಳಬಹುದಾದ ಸಿನಿಮಾ, ಸಾಫ್ಟ್‌ವೇರು ಕೊನೆಗೆ.

ನಕಲು ಆದ ಮೇಲೆ ಎರಡೂ ಕಡೆಯ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಮತ್ತು ಗಾತ್ರ ತಾಳೆ ನೋಡಿ. ಸೈಜ್ ಎಂಬ ಸಾಲನ್ನು ಹೋಲಿಸಿ, ಸೈಜ್ ಆನ್ ಡಿಸ್ಕ್ ಎಂಬುದನ್ನಲ್ಲ. ಫೈಲ್ ಸಿಸ್ಟಮ್ ಬೇರೆಯಾದರೆ ಎರಡನೆಯದು ಬದಲಾಗುವುದು ಸಹಜ. ಇನ್ನೂ ಖಚಿತ ಬೇಕೆಂದರೆ ಟೆರಾಕಾಪಿಯಲ್ಲಿ ವೆರಿಫೈ ಆಯ್ಕೆ ಹಾಕಿ ನಕಲು ಮಾಡಿ, ಅಥವಾ ಫ್ರೀಫೈಲ್‌ಸಿಂಕ್‌ನಲ್ಲಿ ಫೈಲಿನ ಒಳಗನ್ನೇ ಹೋಲಿಸುವ ಆಯ್ಕೆ ಇಟ್ಟು ಒಮ್ಮೆ ಓಡಿಸಿ. ಯುಎಸ್‌ಬಿ 2 ಪೋರ್ಟಿನಲ್ಲಿ ಸಿಗುವುದು ಸೆಕೆಂಡಿಗೆ ಮೂವತ್ತು ಚಿಲ್ಲರೆ ಎಂಬಿ ಮಾತ್ರ. 500 ಜಿಬಿಗೆ ನಾಲ್ಕೂವರೆ ತಾಸು ಹಿಡಿಯುತ್ತದೆ. ಯುಎಸ್‌ಬಿ 3ರ ಪೋರ್ಟಿಗೇ ಹಾಕಿ, ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಅದರ ಒಳಗಿನ ನಾಲಿಗೆ ನೀಲಿ ಇರುತ್ತದೆ.

ಡಿಸ್ಕಿನ ಆರೋಗ್ಯ

ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರು ಉಚಿತ. ಅದರಲ್ಲಿ ಎಕ್ಸ್‌ಟರ್ನಲ್ ಡ್ರೈವನ್ನು ಆರಿಸಿ ಮೂರು ಸಾಲು ನೋಡಿ. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು. ಸಿ5 ಎಂದರೆ ಓದಲು ತಕರಾರು ಮಾಡುತ್ತಿರುವ, ಇನ್ನೂ ತೀರ್ಮಾನವಾಗದ ಸೆಕ್ಟರುಗಳು. ಸಿ6 ಎಂದರೆ ಓದಲಾಗದೇ ಉಳಿದವು. ಮೂರರ ಕೊನೆಯ ಕಂಬದಲ್ಲೂ ಬರೀ ಸೊನ್ನೆ ಇರಬೇಕು. ಸಿ5 ಸೊನ್ನೆ ಅಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಪಾರ್ಟಿಷನ್ ಬದಲಿಸುವ ಕೆಲಸ ಡಿಸ್ಕನ್ನು ತುಂಬ ಓಡಾಡಿಸುತ್ತದೆ, ಓದಲಾಗದ ಒಂದು ಸೆಕ್ಟರು ಸಿಕ್ಕಿದರೂ ಕೆಲಸ ನಡುವೆ ನಿಲ್ಲಬಹುದು. ಅಂಥ ಡ್ರೈವಿನಿಂದ ಮಾಲು ಹೊರಗೆ ತೆಗೆಯಿರಿ, ಡ್ರೈವು ಬದಲಿಸಿ.

ಇದಾದ ಮೇಲೆ ಫೈಲ್ ಸಿಸ್ಟಮ್ ಸರಿಯಿದೆಯೇ ನೋಡಿ. ಡ್ರೈವಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್. ತಪ್ಪು ತೋರಿಸಿದರೆ ಸರಿಪಡಿಸಲು ಬಿಡಿ. ಲೆಕ್ಕವೇ ತಪ್ಪಿರುವ ತೋಟದ ಬೇಲಿ ಸರಿಸಲು ಹೋದರೆ ಮರ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ.

ಕರೆಂಟು, ಕೇಬಲ್, ಕಡಲ ಗಾಳಿ

ಮಳೆಗಾಲದಲ್ಲಿ ಘಟ್ಟದ ಮೇಲೂ ಕೆಳಗೂ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಹೊಸದೇನಲ್ಲ. ಗಾಳಿ, ಗುಡುಗು ಇರುವ ದಿನ ಈ ಕೆಲಸ ಬೇಡ. ಹೆಸ್ಕಾಂ ಲೈನ್ ದುರಸ್ತಿಯ ಸೂಚನೆ ಇದ್ದ ದಿನವೂ ಬೇಡ.

ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದೆ, ಹೆದರಿಕೆಯಿಲ್ಲ ಎಂದುಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಅಂಗೈಯಗಲದ ಎರಡೂವರೆ ಇಂಚಿನ ಡ್ರೈವಿಗೆ ಶಕ್ತಿ ಯುಎಸ್‌ಬಿಯಿಂದಲೇ ಬರುತ್ತದೆ, ಆದ್ದರಿಂದ ಲ್ಯಾಪ್‌ಟಾಪಿನ ಬ್ಯಾಟರಿ ಅದನ್ನೂ ಕಾಯುತ್ತದೆ. ಮೇಜಿನ ಮೇಲಿಡುವ ಮೂರೂವರೆ ಇಂಚಿನ ಡ್ರೈವಿಗೆ 12 ವೋಲ್ಟಿನ ಬೇರೆ ಅಡಾಪ್ಟರ್ ಇರುತ್ತದೆ. ಗೋಡೆಯ ಕರೆಂಟು ಹೋದರೆ ಲ್ಯಾಪ್‌ಟಾಪು ಓಡುತ್ತಿರುತ್ತದೆ, ಡ್ರೈವು ಮಾತ್ರ ನಿಲ್ಲುತ್ತದೆ. ಅಂಥ ಡ್ರೈವಿನ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ. ಮನೆಯ ಇನ್ವರ್ಟರಿಗೆ ಹಾಕುವುದಾದರೆ ಅದರ ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಲಿ. ಸಾಮಾನ್ಯ ಮೋಡಿನಲ್ಲಿ ಕರೆಂಟು ಬದಲಾಗುವ ಕ್ಷಣದಲ್ಲಿ ಬರುವ ಅಂತರ ದೊಡ್ಡದು. ಕೆಲಸ ಶುರುಮಾಡುವ ಮೊದಲು ಡ್ರೈವಿನಲ್ಲಿ ಏನೂ ಬರೆಯದೇ ಇರುವಾಗ ಮೇನ್ ಒಮ್ಮೆ ತೆಗೆದು, ಡ್ರೈವು ತಿರುಗುತ್ತಲೇ ಇದೆಯೇ ನೋಡಿಕೊಳ್ಳಿ.

ಕಾರವಾರ, ಅಂಕೋಲಾ, ಭಟ್ಕಳದಂಥ ಕಡಲ ಪಕ್ಕದ ಊರುಗಳಲ್ಲಿ ಉಪ್ಪಿನ ಗಾಳಿಗೆ ಕನೆಕ್ಟರಿಗೆ ಕಿಲುಬು ಬರುತ್ತದೆ. ಡ್ರೈವಿನ ಕಡೆಯ ಅಗಲವಾದ ಚಪ್ಪಟೆ ತುದಿ ಅಲುಗಿದ ತಕ್ಷಣ ಸಂಪರ್ಕ ತಪ್ಪುವಂತಿದ್ದರೆ ಕೇಬಲ್ ಬದಲಿಸಿ. ಉದ್ದದ ಕೇಬಲ್, ಯುಎಸ್‌ಬಿ ಹಬ್ ಎರಡೂ ಬೇಡ. ಡ್ರೈವನ್ನು ಹಾಸಿಗೆ, ಮಡಿಲ ಮೇಲಿಡದೆ ಗಟ್ಟಿ ಮೇಜಿನ ಮೇಲಿಡಿ. ಲ್ಯಾಪ್‌ಟಾಪಿನ ಸ್ಲೀಪ್ ಅವಧಿಯನ್ನು ನೆವರ್ ಮಾಡಿ, ಮುಚ್ಚಳ ಹಾಕಿದರೂ ಮಲಗದಂತೆ ಇಡಿ, ವಿಂಡೋಸ್ ಅಪ್‌ಡೇಟನ್ನು ಒಂದು ವಾರ ಪಾಜ್ ಮಾಡಿ.

ವಿಂಡೋಸಿನಲ್ಲಿ ಕಿರಿದು ಮಾಡುವುದು

ಎನ್‌ಟಿಎಫ್‌ಎಸ್ ಪಾರ್ಟಿಷನ್ನಿಗೆ ವಿಂಡೋಸಿನ ಸ್ವಂತ ಡಿಸ್ಕ್ ಮ್ಯಾನೇಜ್‌ಮೆಂಟೇ ನಮ್ಮ ಮೊದಲ ಸಲಹೆ. ಫೈಲುಗಳನ್ನು ಡಿಫ್ರ್ಯಾಗ್ (ಚದುರಿದ ತುಂಡುಗಳನ್ನು ಒಂದೆಡೆ ಸೇರಿಸುವ ಕೆಲಸ) ಮಾಡುವ ರೀತಿಯಲ್ಲೇ ಒಂದೊಂದಾಗಿ ಈಚೆ ತಂದು, ಎಲ್ಲ ಮುಗಿದ ಮೇಲೆ ಕೊನೆಯಲ್ಲಷ್ಟೇ ಗಡಿ ಬದಲಿಸುತ್ತದೆ. ಹಾಗಾಗಿ ಫೈಲು ಸರಿಸುವ ಹಂತದಲ್ಲಿ ನಿಂತರೂ ಪಾರ್ಟಿಷನ್ ಸಾಮಾನ್ಯವಾಗಿ ಹಳೆಯ ಗಾತ್ರದಲ್ಲೇ ಉಳಿಯುತ್ತದೆ.

1. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಭಾಗದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಸಾಲಾಗಿರುತ್ತವೆ. ನಿಮ್ಮದು ಯಾವುದು ಎಂದು ಗಾತ್ರದಿಂದ ಗುರುತಿಸಿ. 2 ಟಿಬಿ ಡ್ರೈವು ಇಲ್ಲಿ ಸುಮಾರು 1863 ಜಿಬಿ ಎಂದು, 1 ಟಿಬಿಯದು 931 ಎಂದು ಕಾಣುತ್ತದೆ. ಜಾಗ ಕಳುವಾದದ್ದಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸಂಶಯವಿದ್ದರೆ ಡ್ರೈವನ್ನು ಸುರಕ್ಷಿತವಾಗಿ ತೆಗೆದು ಮತ್ತೆ ಹಾಕಿ, ಯಾವ ಸಾಲು ಮಾಯವಾಗಿ ಬರುತ್ತದೆ ನೋಡಿ.

2. ಎಡಗಡೆಯ ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ವಾಲ್ಯೂಮ್ಸ್. ಪಾರ್ಟಿಷನ್ ಸ್ಟೈಲ್ ಎಂಬಲ್ಲಿ ಎಂಬಿಆರ್ ಅಥವಾ ಜಿಪಿಟಿ ಎಂದಿರುತ್ತದೆ, ಗಡಿಯ ಪಟ್ಟಿ ಬರೆಯುವ ಎರಡು ಬಗೆ ಇವು. ಎಂಬಿಆರ್‌ನಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕಕ್ಕಿಂತ ಹೆಚ್ಚು ಆಗುವುದಿಲ್ಲ. ಒಂದನ್ನು ಎರಡು ಮಾಡುವವರಿಗೆ ಇದರಿಂದ ತೊಂದರೆಯಿಲ್ಲ.

3. ಪಾರ್ಟಿಷನ್ನಿನ ಪೆಟ್ಟಿಗೆಯ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಲೆಕ್ಕ ಹಾಕಲು ಕೆಲವು ನಿಮಿಷ ಬೇಕಾಗಬಹುದು.

4. ಬರುವ ಕಿಟಕಿಯಲ್ಲಿ ನಾಲ್ಕು ಸಾಲು. ಮೂರನೆಯದರಲ್ಲಿ ಮಾತ್ರ ನೀವು ಬರೆಯಬಹುದು. ಎಡವುವವರು ಎಡವುವುದು ಇಲ್ಲೇ. ಅಲ್ಲಿ ಬರೆಯಬೇಕಾದ್ದು ಎಷ್ಟು ಉಳಿಯಬೇಕು ಎಂದಲ್ಲ, ಎಷ್ಟು ತೆಗೆಯಬೇಕು ಎಂದು. ಅದೂ ಎಂಬಿಯಲ್ಲಿ. 400 ಜಿಬಿಗೆ 400 ಗುಣಿಸು 1024, ಅಂದರೆ 409600. ತಾನಾಗಿ ತುಂಬಿರುವ ಸಂಖ್ಯೆ ತೆಗೆಯಬಹುದಾದ ಗರಿಷ್ಠ, ಅದನ್ನು ಹಾಗೇ ಒಪ್ಪಿದರೆ ಹಳೆಯ ಪಾರ್ಟಿಷನ್ ಉಸಿರಾಡಲು ಜಾಗವಿಲ್ಲದಂತಾಗುತ್ತದೆ. ಹಳೆಯದರಲ್ಲಿ ಶೇಕಡಾ 15ರಷ್ಟಾದರೂ ಖಾಲಿ ಬಿಡಿ.

5. ಶ್ರಿಂಕ್ ಒತ್ತಿ ಕಾಯಿರಿ. ಕಿಟಕಿ ಸ್ಪಂದಿಸದಂತೆ ಕಂಡರೂ ಮುಚ್ಚಬೇಡಿ, ಡ್ರೈವಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ.

6. ಬಲಗಡೆ ಕಪ್ಪು ಪಟ್ಟಿಯ ಅನ್‌ಅಲೊಕೇಟೆಡ್ ಜಾಗ ಬರುತ್ತದೆ. ಅದರ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಫೈಲ್ ಸಿಸ್ಟಮ್ ಎಕ್ಸ್‌ಫ್ಯಾಟ್, ಅಲೊಕೇಷನ್ ಯೂನಿಟ್ ಡೀಫಾಲ್ಟ್, ಕ್ವಿಕ್ ಫಾರ್ಮ್ಯಾಟ್. ಫಾರ್ಮ್ಯಾಟ್ ಎನ್ನುವ ಮಾತು ಈ ಇಡೀ ಕೆಲಸದಲ್ಲಿ ಬರಬೇಕಾದದ್ದು ಈ ಕಪ್ಪು ಪಟ್ಟಿಯ ಜಾಗಕ್ಕೆ ಮಾತ್ರ. ಬೇರೆಲ್ಲಿ ಬಂದರೂ ಕ್ಯಾನ್ಸಲ್ ಒತ್ತಿ.

ಖಾಲಿ 800 ಜಿಬಿ ಇದ್ದರೂ 90 ಜಿಬಿ ಮಾತ್ರ ಕೊಡುತ್ತೇನೆ ಎಂದರೆ

ಬಹಳ ಜನ ಕೈಬಿಡುವುದು ಇಲ್ಲಿ. ಪಾರ್ಟಿಷನ್ನಿನ ಬಾಲದ ಕಡೆ ಎಲ್ಲೋ ಅಲುಗಿಸಲಾಗದ ಒಂದು ಫೈಲು ಕೂತಿದೆ ಎಂದು ಇದರ ಅರ್ಥ. ಅದರಾಚೆಗಿನ ಜಾಗವನ್ನಷ್ಟೇ ವಿಂಡೋಸ್ ಬಿಟ್ಟುಕೊಡುತ್ತದೆ. ಎಕ್ಸ್‌ಟರ್ನಲ್ ಡ್ರೈವಿನಲ್ಲಿ ಅದು ಸಾಮಾನ್ಯವಾಗಿ ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಫೋಲ್ಡರಿನ ರಿಸ್ಟೋರ್ ಪಾಯಿಂಟು (ಹಳೆಯ ಸ್ಥಿತಿಗೆ ಮರಳಲು ವಿಂಡೋಸ್ ಇಟ್ಟುಕೊಂಡ ದಾಖಲೆ), ಇಲ್ಲವೇ ಎನ್‌ಟಿಎಫ್‌ಎಸ್‌ನ ಸ್ವಂತ ಲೆಕ್ಕದ ಪುಸ್ತಕವಾದ ಎಂಎಫ್‌ಟಿಯ ತುಂಡು.

ಯಾವ ಫೈಲು ಎಂದು ವಿಂಡೋಸೇ ಬರೆದಿಟ್ಟಿರುತ್ತದೆ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್, ಅಪ್ಲಿಕೇಷನ್ ಒಳಗೆ 259 ಸಂಖ್ಯೆಯ ದಾಖಲೆ ಹುಡುಕಿ. ಕೊನೆಯ ಅಲುಗದ ಫೈಲಿನ ಹೆಸರು ಅಲ್ಲಿರುತ್ತದೆ. ರಿಸ್ಟೋರ್ ಪಾಯಿಂಟಾದರೆ ಸಿಸ್ಟಮ್ ಪ್ರೊಟೆಕ್ಷನ್ ಕಿಟಕಿಯಲ್ಲಿ ಆ ಡ್ರೈವಿಗೆ ಅದನ್ನು ಆಫ್ ಮಾಡಿ, ಹಳೆಯವನ್ನು ಅಳಿಸಿ. ತಿರುಗುವ ಡಿಸ್ಕಾದರೆ ಡಿಫ್ರ್ಯಾಗ್ ಒಮ್ಮೆ ಓಡಿಸಿ ಮತ್ತೆ ಶ್ರಿಂಕ್ ನೋಡಿ. ಎಸ್‌ಎಸ್‌ಡಿಯಾದರೆ ಡಿಫ್ರ್ಯಾಗ್ ಬೇಡ. ಎಂಎಫ್‌ಟಿಯ ತುಂಡು ಅಡ್ಡವಿದ್ದರೆ ವಿಂಡೋಸ್ ಓಡುತ್ತಿರುವಾಗ ಅದು ಬಗ್ಗುವುದು ಕಡಿಮೆ. ಆಗ ಪಾರ್ಟಿಷನ್ ಬದಲಿಸುವ ಉಚಿತ ಸಾಫ್ಟ್‌ವೇರಾದ ಜಿಪಾರ್ಟೆಡ್ ಬೇಕು.

ಜಿಪಾರ್ಟೆಡ್‌ನಲ್ಲಿ

ಜಿಪಾರ್ಟೆಡ್ ಲೈವ್ ಅನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಕಂಪ್ಯೂಟರ್ ಶುರುಮಾಡಿ. ಅದಕ್ಕೂ ಮೊದಲು ವಿಂಡೋಸಿನಲ್ಲಿ ಡ್ರೈವನ್ನು ಸುರಕ್ಷಿತವಾಗಿ ತೆಗೆದಿರಬೇಕು. ಹಾಗೇ ಎಳೆದು ತೆಗೆದ ಎನ್‌ಟಿಎಫ್‌ಎಸ್ ಅರ್ಧ ಬರೆದ ಸ್ಥಿತಿಯಲ್ಲಿದೆ ಎಂದು ಗುರುತಾಗಿದ್ದರೆ ಜಿಪಾರ್ಟೆಡ್ ಮುಟ್ಟುವುದಿಲ್ಲ. ಮುಟ್ಟದಿರುವುದೇ ಸರಿ. ಬಿಟ್‌ಲಾಕರ್ (ವಿಂಡೋಸಿನ ಎನ್‌ಕ್ರಿಪ್ಷನ್ ಬೀಗ) ಹಾಕಿದ ಪಾರ್ಟಿಷನ್ನನ್ನೂ ಅದು ಕಿರಿದು ಮಾಡಲಾರದು, ಮೊದಲು ವಿಂಡೋಸಿನಲ್ಲಿ ಬಿಟ್‌ಲಾಕರ್ ಪೂರ್ತಿ ತೆಗೆಯಬೇಕು.

ಮೇಲೆ ಬಲಮೂಲೆಯಲ್ಲಿ ಡಿಸ್ಕ್ ಆರಿಸುವ ಪಟ್ಟಿ ಇದೆ. ಮೊದಲು ತೋರಿಸುವುದು ಬಹುಪಾಲು ಕಂಪ್ಯೂಟರಿನ ಒಳಗಿನ ಡಿಸ್ಕು, ಅದನ್ನು ಬದಲಿಸಿ ಗಾತ್ರ ನೋಡಿ ನಿಮ್ಮದನ್ನು ಆರಿಸಿ. ಪಾರ್ಟಿಷನ್ ಪಕ್ಕ ಬೀಗದ ಕೈ ಚಿತ್ರವಿದ್ದರೆ ಅದು ಬಳಕೆಯಲ್ಲಿದೆ ಎಂದರ್ಥ, ರೈಟ್ ಕ್ಲಿಕ್ ಮಾಡಿ ಅನ್‌ಮೌಂಟ್ ಮಾಡಿ. ರೀಸೈಜ್/ಮೂವ್ ತೆರೆದಾಗ ಮೂರು ಸಂಖ್ಯೆ ಕಾಣುತ್ತವೆ: ಪಾರ್ಟಿಷನ್ನಿನ ಎಡಕ್ಕಿರುವ ಖಾಲಿ ಜಾಗ, ಹೊಸ ಗಾತ್ರ, ಬಲಕ್ಕಿರುವ ಖಾಲಿ ಜಾಗ. ಮೊದಲನೆಯದು ಎಷ್ಟಿತ್ತೋ ಅಷ್ಟೇ ಇರಬೇಕು. ಮೌಸಿನಿಂದ ಎಳೆಯುವಾಗ ಎಡತುದಿಯೂ ಕೈಗೆ ಸಿಕ್ಕಿ ಸರಿದುಬಿಡುತ್ತದೆ, ಆದ್ದರಿಂದ ಎಳೆಯದೆ ಹೊಸ ಗಾತ್ರವನ್ನು ಬೆರಳಚ್ಚಿಸಿ. ಹಸಿರು ಗುರುತು ಒತ್ತುವವರೆಗೆ ಡಿಸ್ಕಿನ ಮೇಲೆ ಏನೂ ಬದಲಾಗಿರುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ಮೂವ್ ಎಂಬ ಪದ ಇದ್ದರೆ ಅನ್‌ಡೂ ಮಾಡಿ ಮತ್ತೆ ನೋಡಿ, ಶ್ರಿಂಕ್ ಎಂದಷ್ಟೇ ಇರಬೇಕು.

ಇದಾದ ಮೇಲೆ ವಿಂಡೋಸಿಗೆ ಹಾಕಿದಾಗ ಡ್ರೈವು ಪರೀಕ್ಷಿಸಬೇಕೆಂದು ಕೇಳಬಹುದು. ಈ ಸಂದರ್ಭದಲ್ಲಿ ಅದು ಸಹಜ, ಪರೀಕ್ಷಿಸಲು ಬಿಡಿ.

ಲಿನಕ್ಸಿನ ಇಎಕ್ಸ್‌ಟಿ4 ಕೂಡ ಇದೇ ರೀತಿ ಅನ್‌ಮೌಂಟ್ ಮಾಡಿ ಕಿರಿದು ಮಾಡಬಹುದು. ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಕುಗ್ಗುವುದಿಲ್ಲ. ಟರ್ಮಿನಲ್ಲಿನಲ್ಲಿ ಕೈಯಾರೆ ಮಾಡುವವರಿಗೆ ಕ್ರಮ ಮುಖ್ಯ. ಕಿರಿದು ಮಾಡುವಾಗ ಮೊದಲು ಫೈಲ್ ಸಿಸ್ಟಮ್, ಆಮೇಲೆ ಪಾರ್ಟಿಷನ್. ಹಿರಿದು ಮಾಡುವಾಗ ಮೊದಲು ಪಾರ್ಟಿಷನ್, ಆಮೇಲೆ ಫೈಲ್ ಸಿಸ್ಟಮ್. ತಿರುವುಮುರುವಾದರೆ ಪಹಣಿಯಲ್ಲಿ ಬೇಲಿ ಒಳಗೆ ಬಂದಿರುತ್ತದೆ, ಮರಗಳು ಬೇಲಿಯ ಹೊರಗಿರುತ್ತವೆ.

ಹಿರಿದು ಮಾಡುವುದು, ಮತ್ತು ಎಕ್ಸ್‌ಫ್ಯಾಟ್

ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿ, ಒತ್ತಲು ಬರದಂತೆ ಇದ್ದರೆ ಕಾರಣ ಎರಡರಲ್ಲೊಂದು. ಪಾರ್ಟಿಷನ್ ಎನ್‌ಟಿಎಫ್‌ಎಸ್ ಅಲ್ಲ, ಇಲ್ಲವೇ ಖಾಲಿ ಜಾಗ ಅದರ ಬಲಕ್ಕೆ ತಾಗಿಕೊಂಡಿಲ್ಲ. ನಡುವೆ ಇನ್ನೊಂದು ಪಾರ್ಟಿಷನ್ ಇದ್ದರೆ ಅದರ ಮಾಲು ಬೇರೆ ಕಡೆ ಎತ್ತಿಟ್ಟು, ಅದನ್ನು ಅಳಿಸಿ, ಆಮೇಲೆ ಹಿಗ್ಗಿಸಿ. ಡೈನಾಮಿಕ್ ಡಿಸ್ಕಿಗೆ ಬದಲಿಸಲೇ ಎಂದು ಕೇಳಿದರೆ ನೋ ಒತ್ತಿ.

ಎಕ್ಸ್‌ಫ್ಯಾಟ್ ಪಾರ್ಟಿಷನ್ನನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟೂ ಕಿರಿದು ಮಾಡುವುದಿಲ್ಲ, ಜಿಪಾರ್ಟೆಡ್ಡೂ ಮಾಡುವುದಿಲ್ಲ. ಇಂದು ಅಂಗಡಿಯಿಂದ ಬರುವ ಡ್ರೈವು, ಎಸ್‌ಎಸ್‌ಡಿಗಳಲ್ಲಿ ಎಕ್ಸ್‌ಫ್ಯಾಟ್ ಬಹಳ. ಅದಕ್ಕೆ ಭದ್ರವಾದ ದಾರಿ ನಕಲು ಮಾಡಿ ಹೊಸದಾಗಿ ಮಾಡುವುದು. ಆದ್ದರಿಂದ ಹೊಸ ಡ್ರೈವು ಕೊಂಡವರು ಖಾಲಿ ಇರುವಾಗಲೇ ಪಾರ್ಟಿಷನ್ ಮಾಡಿಕೊಳ್ಳಿ, ಎರಡು ನಿಮಿಷ ಸಾಕು.

ಕೆಟ್ಟರೆ

ಡ್ರೈವು ರಾ (ಒಳಗಿನ ಫೈಲ್ ಸಿಸ್ಟಮ್ ಗುರುತು ಸಿಗುತ್ತಿಲ್ಲ) ಎಂದು ತೋರಿಸಿದರೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ, ಇನಿಷಿಯಲೈಜ್ ಮಾಡಲೇ ಎಂದು ಕೇಳಿದರೆ ಮೂರಕ್ಕೂ ಉತ್ತರ ಕ್ಯಾನ್ಸಲ್. ಈ ಸ್ಥಿತಿಯಲ್ಲಿ ಚೆಕ್‌ಡಿಸ್ಕ್ ಓಡಿಸುವುದೂ ತಪ್ಪು. ಅದು ಫೈಲ್ ಸಿಸ್ಟಮಿನ ಲೆಕ್ಕ ತಾಳೆ ಮಾಡುವ ಭರದಲ್ಲಿ ಉಳಿದ ಗುರುತನ್ನೂ ಅಳಿಸಬಹುದು. ಡ್ರೈವಿನ ಮೇಲೆ ಹೊಸದಾಗಿ ಏನೂ ಬರೆಯಬೇಡಿ. ಪೆಟ್ಟಿಗೆ ಬಿಚ್ಚಿ ಒಳಗಿನ ಡಿಸ್ಕನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಲೂ ಹೋಗಬೇಡಿ. ಕೆಲವು ಪೆಟ್ಟಿಗೆಗಳ ಒಳಗಿನ ಚಿಪ್ಪು ಸೆಕ್ಟರಿನ ಗಾತ್ರವನ್ನೇ ಬೇರೆಯಾಗಿ ತೋರಿಸುತ್ತದೆ, ಕೆಲವು ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿರುತ್ತವೆ. ಪೆಟ್ಟಿಗೆಯಿಂದ ಹೊರಬಂದ ಡಿಸ್ಕಿನಲ್ಲಿ ಸರಿಯಿದ್ದ ಪಾರ್ಟಿಷನ್ನೂ ಕಾಣದಂತಾಗುತ್ತದೆ.

ನಕಲು ಇದ್ದವರು ಪಾರ್ಟಿಷನ್ ಹೊಸದಾಗಿ ಮಾಡಿ ವಾಪಸ್ ತಂದರಾಯಿತು. ಇಲ್ಲದವರಿಗೆ ಉಳಿದಿರುವುದು ಕಳೆದ ಪಾರ್ಟಿಷನ್ ಹುಡುಕಿಕೊಡುವ ಟೆಸ್ಟ್‌ಡಿಸ್ಕ್, ಅದೂ ಉಚಿತ. ಅನಲೈಜ್ ಮಾಡಿ, ಹುಡುಕಿ ತೋರಿಸಿದ ಪಾರ್ಟಿಷನ್ನಿನ ಮೇಲೆ ನಿಂತು ಪಿ ಒತ್ತಿದರೆ ಒಳಗಿನ ಫೈಲುಗಳ ಪಟ್ಟಿ ಬರುತ್ತದೆ. ನಿಮ್ಮ ಫೋಲ್ಡರುಗಳ ಹೆಸರು ಸರಿಯಾಗಿ ಕಂಡರೆ ಮೊದಲು ಅಲ್ಲಿಂದಲೇ ಇನ್ನೊಂದು ಡ್ರೈವಿಗೆ ಫೈಲುಗಳನ್ನು ತೆಗೆದುಕೊಳ್ಳಿ. ರೈಟ್ ಎಂಬ ಆಯ್ಕೆಗೆ ಕೈ ಹಾಕುವುದು ಅದಾದ ಮೇಲೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಟೆಸ್ಟ್‌ಡಿಸ್ಕನ್ನೂ ಓಡಿಸದೆ ಕರೆಂಟು ತೆಗೆದುಬಿಡಿ, ಮುಂದಿನದು ಡೇಟಾ ರಿಕವರಿ ಮಾಡುವವರ ಕೆಲಸ.

ಎಲ್ಲ ಸರಿಯಾಗಿ ಮುಗಿದವರು ಡ್ರೈವನ್ನು ಒಮ್ಮೆ ಸುರಕ್ಷಿತವಾಗಿ ತೆಗೆದು ಮತ್ತೆ ಹಾಕಿ, ಹಳೆಯ ಪಾರ್ಟಿಷನ್ನಿನ ಬೇರೆ ಬೇರೆ ವರ್ಷದ ಹತ್ತು ವಿಡಿಯೋ ತೆರೆದು ನಡುವಿಗೂ ಕೊನೆಗೂ ಓಡಿಸಿ ನೋಡಿ. ನಕಲನ್ನು ಅಂದೇ ಅಳಿಸಬೇಡಿ. ಘಟ್ಟದ ಮೇಲೆ ನೆಂಟರ ಮನೆಯಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಅಲ್ಲಿಡಿ.